ಫಾಂಡ್ಲಿ ಅಂದ್ರೆ ಕನ್ನಡದಲ್ಲಿ ಏನು ಹಾಕಲಿ ಅಂಕಲ್?

ಮಡಿಕೇರಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು 19 ವರ್ಷವಾಯಿತು. ಏಪ್ರಿಲ್, ಮೇ ತಿಂಗಳು ಮದುವೆ ಕಾಗದದಲ್ಲೇ ಕಳೆದುಹೋಗುತ್ತದೆ. ಮಳೆ ಹಿಡಿದ ಮೇಲೆ ಕೆಲಸ ಕಡಿಮೆ. ಬಯೋಡೇಟಾ, ಜಾಗದ ತಕರಾರಿನ ಅರ್ಜಿ, ಆಗೊಮ್ಮೆ ಈಗೊಮ್ಮೆ ಫ್ಲೆಕ್ಸು. ಇನ್ನೊಂದು, ಪೇಪರಿಗೆ ಕೊಡುವ ಶ್ರದ್ಧಾಂಜಲಿ. ಅದಕ್ಕೆ ಸೀಸನ್ ಅನ್ನೋದಿಲ್ಲ.

ಕಳೆದ ವರ್ಷ ಆಟಿ ತಿಂಗಳಲ್ಲಿ, ಜುಲೈ ಕೊನೆ ವಾರ, ಒಬ್ಬರು ವಯಸ್ಸಾದವರು ಬಂದರು. ನಾಪೋಕ್ಲು ಕಡೆಯ ತೋಟದವರು. ಕೊಡೆಯನ್ನು ಬಾಗಿಲ ಹೊರಗೇ ಕೊಡವಿ, ಗಮ್‌ಬೂಟು ಒರೆಸಿ, ಒಳಗೆ ಬಂದು ಕೂತರು. ಹೆಂಡತಿ ತೀರಿಕೊಂಡು ಒಂದು ವರ್ಷ. ಪೇಪರಿಗೆ ಹಾಕಬೇಕು. ಬೆಂಗಳೂರಲ್ಲಿರುವ ಮಗ ವಾಟ್ಸಾಪಲ್ಲಿ ಇಂಗ್ಲಿಷಿನಲ್ಲಿ ಮ್ಯಾಟರ್ ಕಳಿಸಿದ್ದ. ಮೇಲೆ ಫೋಟೋ, ಕೆಳಗೆ ಹೆಸರು, ಹುಟ್ಟಿದ ದಿನ, ಹೋದ ದಿನ. ಕೊನೆಗೆ, ಇಂಥ ಎಲ್ಲ ಮ್ಯಾಟರಿನಲ್ಲೂ ಬರುವ ಹಾಗೆ, ‘ಫಾಂಡ್ಲಿ ರಿಮೆಂಬರ್ಡ್ ಬೈ’.

"ಕೆಳಗೆ ಕನ್ನಡದಲ್ಲೂ ಹಾಕು" ಅಂದರು. "ಸೋಮವಾರಪೇಟೆಯಲ್ಲಿ ಅವಳ ಅಕ್ಕ ಇದ್ದಾರೆ. ಅವರಿಗೆ ಇಂಗ್ಲಿಷ್ ಬರೋದಿಲ್ಲ."

ಕನ್ನಡ ಟೈಪಿಂಗಿನ ‘ನುಡಿ’ ಸಾಫ್ಟ್‌ವೇರ್ ತೆರೆದು ಹೆಸರು ಟೈಪ್ ಮಾಡಿದೆ. ತಾರೀಕು ಹಾಕಿದೆ. ಕೊನೆ ಸಾಲಿಗೆ ಬಂದು ನಿಂತೆ.

ಆ ಶಬ್ದಕ್ಕೂ ನನಗೂ ಹಳೇ ಲೆಕ್ಕ ಇದೆ. ಅಂಗಡಿ ಹಾಕಿದ ಮೊದಲನೇ ವರ್ಷ ಒಂದು ಜಾಹೀರಾತಿನಲ್ಲಿ ‘ಫಾಂಡ್ಲಿ’ ಬದಲು ‘ಫೌಂಡ್ಲಿ’ ಅಂತ ಹೊಡೆದಿದ್ದೆ. ಒಂದೇ ಒಂದು ‘ಯು’ ಜಾಸ್ತಿ. ಮನೆಯವರು ನೋಡಲಿಲ್ಲ, ಪೇಪರಿನವರೂ ನೋಡಲಿಲ್ಲ. ಮೂರನೇ ದಿನ ಒಬ್ಬರು ರಿಟೈರ್ಡ್ ಮೇಷ್ಟ್ರು ಕೆಂಪು ಇಂಕಿನಲ್ಲಿ ಸುತ್ತು ಹಾಕಿದ ಪೇಪರು ಹಿಡಿದುಕೊಂಡು ಅಂಗಡಿಗೆ ಬಂದರು. "ಏನಮ್ಮಾ, ಇವರು ಕಳೆದುಹೋಗಿದ್ರಾ? ಎಲ್ಲಿ ಸಿಕ್ಕಿದ್ರು?" ಅಂತ ಕೇಳಿದರು. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಆವತ್ತು ಸಂಜೆ ಮೊದಲ ಸಲ ಆ ಶಬ್ದವನ್ನು ಡಿಕ್ಷನರಿಯಲ್ಲಿ ತೆಗೆದು ನೋಡಿದೆ. ಅಲ್ಲಿಯವರೆಗೆ ಅದು ನನಗೆ ಫೋಟೋ ಸುತ್ತ ಹಾಕುವ ಬಾರ್ಡರ್ ಇದ್ದ ಹಾಗೆ. ಇರಬೇಕು, ಇರುತ್ತೆ, ಅಷ್ಟೇ.

ಡಿಕ್ಷನರಿಯಲ್ಲಿ ಎರಡು ಅರ್ಥ ಇತ್ತು. ಒಂದು, ಪ್ರೀತಿಯಿಂದ, ಅಕ್ಕರೆಯಿಂದ. ಇದು ಗೊತ್ತಿದ್ದದ್ದೇ. ಎರಡನೆಯದು ನೋಡಿ ಕಣ್ಣು ಉಜ್ಜಿಕೊಂಡೆ: ಪೆದ್ದುತನದಿಂದ, ಆಗದ್ದನ್ನು ಆಗುತ್ತೆ ಅಂತ ನಂಬಿಕೊಂಡು. ಸತ್ತವರ ಫೋಟೋ ಕೆಳಗೆ ಇಷ್ಟು ದಿನ ನಾನು ಹೊಡೆಯುತ್ತಿದ್ದದ್ದು ಇದನ್ನಾ?

"ಪ್ರೀತಿಯಿಂದ ಸ್ಮರಿಸುವ, ಅಂತ ಹಾಕಲಾ ಅಂಕಲ್?" ಅಂದೆ.

ಅವರು ಸ್ಕ್ರೀನ್ ಕಡೆ ಬಗ್ಗಿ ನೋಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು.

"ಅವಳಿಗೆ ನಗು ಬರ್ತದೆ" ಅಂದರು. "41 ವರ್ಷದಲ್ಲಿ ಒಂದು ಸಲ ಆ ಮಾತು ಆಡಿಲ್ಲ ನಾನು. ಈಗ ಪೇಪರಲ್ಲಿ ಹಾಕೋದಾ?"

"ಅಕ್ಕರೆಯಿಂದ?"

"ಅದು ಮಕ್ಕಳಿಗಲ್ವಾ?"

"ಸದಾ ನಿಮ್ಮ ಸ್ಮರಣೆಯಲ್ಲಿ?"

"ಸದಾ ನಿಮ್ಮ ಸೇವೆಯಲ್ಲಿ ಅಂದ ಹಾಗಾಯ್ತು. ಬ್ಯಾಂಕಿನ ಬೋರ್ಡು."

ಅಷ್ಟರಲ್ಲಿ ಕರೆಂಟ್ ಹೋಯಿತು. ಆಟಿ ತಿಂಗಳಲ್ಲಿ ಕರೆಂಟ್ ಹೋಗೋದನ್ನು ಯಾರೂ ಸುದ್ದಿ ಅನ್ನೋದಿಲ್ಲ. ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದಿರುತ್ತದೆ. ಯುಪಿಎಸ್ ಕೀ ಕೀ ಅಂತ ಕೂಗಲು ಶುರು ಮಾಡಿತು. ಫೈಲ್ ಸೇವ್ ಮಾಡಿ ಎಲ್ಲ ಆಫ್ ಮಾಡಿದೆ. ಶೀಟಿನ ಮೇಲೆ ಮಳೆ ಹೊಡೆಯುವ ಸದ್ದು ಬಿಟ್ಟರೆ ಬೇರೇನಿಲ್ಲ. ಅವರು ಏಳಲಿಲ್ಲ. ನಾನು ಫ್ಲಾಸ್ಕಿನಲ್ಲಿದ್ದ ಕಾಫಿ ಬಗ್ಗಿಸಿ ಕೊಟ್ಟೆ.

ಕತ್ತಲಲ್ಲಿ ಕೂತಾಗ ನನಗೆ ಕಾಲೇಜಿನ ಕ್ಲಾಸು ನೆನಪಾಯಿತು. ನಾನು ಬಿಎ ಓದಿದ್ದು ಇಲ್ಲೇ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲಿ. ಇಂಗ್ಲಿಷ್ ಮೇಡಂ ಒಬ್ಬರು ಮಿಲ್ಟನ್ನಿನ ಒಂದು ಸಾನೆಟ್ ಪಾಠ ಮಾಡಿದ್ದರು. ಜಾನ್ ಮಿಲ್ಟನ್‌ಗೆ 1652ರ ಹೊತ್ತಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಆ ಕಷ್ಟದ ಬಗ್ಗೆ ಬರೆದ ಹದಿನಾಲ್ಕು ಸಾಲಿನ ಪದ್ಯ ಅದು. ನಡುವೆ ಒಂದು ಕಡೆ ಕೇಳುತ್ತಾನೆ: ಬೆಳಕನ್ನೇ ಕೊಡದ ದೇವರು ಹಗಲು ಕೂಲಿ ಕೆಲಸ ಮಾಡು ಅಂತ ಕೇಳುತ್ತಾನಾ? ಅದರ ಬೆನ್ನಿಗೇ ಮೂರು ಶಬ್ದ, ‘ಐ ಫಾಂಡ್ಲಿ ಆಸ್ಕ್’. ಕ್ಲಾಸಿನಲ್ಲಿ ಎಲ್ಲರೂ "ಪ್ರೀತಿಯಿಂದ ಕೇಳುತ್ತೇನೆ" ಅಂತ ಬರೆದುಕೊಂಡೆವು. ಮೇಡಂ ತಲೆ ಅಲ್ಲಾಡಿಸಿದರು. ಅಲ್ಲಿ ಅದರ ಅರ್ಥ "ಪೆದ್ದನ ಹಾಗೆ ಕೇಳುತ್ತೇನೆ" ಅಂತ. ಮಿಲ್ಟನ್ ಕಾಲಕ್ಕೆ ಆ ಶಬ್ದದಲ್ಲಿ ಪೆದ್ದುತನ ಇನ್ನೂ ಹಸಿಯಾಗಿತ್ತು. ಷೇಕ್ಸ್‌ಪಿಯರನ ಲಿಯರ್ ದೊರೆ ಕೊನೆಯಲ್ಲಿ ಮಗಳ ಮುಂದೆ ತನ್ನನ್ನು ‘ಫೂಲಿಶ್ ಫಾಂಡ್ ಓಲ್ಡ್ ಮ್ಯಾನ್’ ಅಂದುಕೊಳ್ಳುತ್ತಾನಲ್ಲ, ಅಲ್ಲೂ ಅಷ್ಟೇ. ಅರಳುಮರಳಿನ ಮುದುಕ ಅಂತ. ಆದರೆ ಆ ಮುದುಕನಿಗೆ ಮಗಳ ಮೇಲೆ ಜೀವ ಅನ್ನೋದೂ ಅದೇ ಶಬ್ದದ ಒಳಗೆ ಕೇಳುತ್ತದೆ.

ಕ್ಲಾಸು ಮುಗಿದ ಮೇಲೆ ಇದೆಲ್ಲ ಮರೆತುಹೋಗಿತ್ತು. ಮರೆತದ್ದಕ್ಕೇ ‘ಫೌಂಡ್ಲಿ’ ಆಯಿತು, ಬಿಡಿ.

ಶಬ್ದದ ಹಿಂದಿನ ಕತೆ ಹೀಗೆ. ಆರುನೂರು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ, ಅಂದರೆ ಕವಿ ಚಾಸರ್ ಕಾಲದ ಆಸುಪಾಸಿನಲ್ಲಿ, ‘ಫಾನ್’ ಅಂದರೆ ಪೆದ್ದ. ಪೆದ್ದನಾದವನು ‘ಫಾನ್ಡ್’. ಅದೇ ಸವೆದು ‘ಫಾಂಡ್’ ಆಯಿತು. ಯಾರ ಮೇಲೋ ಪ್ರೀತಿ ಜಾಸ್ತಿಯಾಗಿ ಬುದ್ಧಿ ಕೆಟ್ಟವನನ್ನೂ ಹಾಗೇ ಕರೆದರು. ಬರ್ತಾ ಬರ್ತಾ ಬುದ್ಧಿ ಕೆಟ್ಟದ್ದನ್ನು ಜನ ಮರೆತರು, ಪ್ರೀತಿ ಮಾತ್ರ ಉಳಿಯಿತು. ನಾವು ಆಡುವ ‘ಫನ್’ ಕೂಡ ಇದೇ ಬಳಗದ್ದಿರಬೇಕು ಅಂತಾರೆ ಬಲ್ಲವರು. ಕೇಕಿನ ಮೇಲೆ ಹಾಕುವ ‘ಫಾಂಡಂಟ್’ ಮಾತ್ರ ಸಂಬಂಧಿಕನಲ್ಲ. ಅದು ಫ್ರೆಂಚಿನಿಂದ ಬಂದದ್ದು, ಕರಗುವುದು ಅಂತ ಅರ್ಥ.

ಇಂಗ್ಲಿಷಿನವರಿಗೆ ಇದು ವಿಚಿತ್ರ ಕತೆ ಇರಬಹುದು. ನಮಗೆ ಏನೂ ವಿಚಿತ್ರ ಇಲ್ಲ. "ಅವನಿಗೆ ಹಾಕಿ ಆಟದ ಹುಚ್ಚು" ಅನ್ನುತ್ತೇವೆ. ಕೊಡಗಿನಲ್ಲಂತೂ ಆ ಹುಚ್ಚು ಇಲ್ಲದ ಮನೆ ಹುಡುಕಬೇಕು. "ಅವಳಿಗೆ ಓದೋ ಹುಚ್ಚು", "ಅಜ್ಜನಿಗೆ ಮೊಮ್ಮಗನ ಹುಚ್ಚು". ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅಂತ ಯಾರೂ ಹೇಳುವುದಿಲ್ಲ. ಮರುಳು ಅಂದರೆ ಬುದ್ಧಿಭ್ರಮೆ. ಘಟ್ಟ ಇಳಿದು ಸಂಪಾಜೆ ದಾಟಿದರೆ ತುಳುವಿನಲ್ಲಿ ಮರ್ಲ್ ಅಂದರೆ ಪಕ್ಕಾ ಹುಚ್ಚೇ. ಆದರೆ ಒಬ್ಬಳ ನಗುವಿಗೆ ಮರುಳಾದ ಅಂದರೆ ಅವನಿಗೇನೂ ಆಗಿಲ್ಲ, ಪ್ರೀತಿ ಆಗಿದೆ. ‘ಮುಗ್ಧ’ ಅನ್ನೋ ಸಂಸ್ಕೃತದ ಶಬ್ದಕ್ಕೂ ಮೊದಲ ಅರ್ಥ ದಿಕ್ಕು ತೋಚದವನು, ತಿಳಿವಿಲ್ಲದವನು ಅಂತಲೇ. ಈಗ ಅದು ಹೊಗಳಿಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆಯೇ ಇದೆ. ಇಂಗ್ಲಿಷಿನಲ್ಲಿ ‘ಫಾಂಡ್ ಪೇರೆಂಟ್ಸ್’ ಅಂದಾಗ ಬರುವ ಅರ್ಥ ಹೆಚ್ಚುಕಮ್ಮಿ ಇದೇ, ಹೆಗ್ಗಣ ಒಂದನ್ನು ಬಿಟ್ಟು.

ಬೈಗುಳ ಬೇರೆ ಇದೆ. ನಮ್ಮ ಮನೆಯಲ್ಲಿ ಅರೆಭಾಷೆ, ಕೊಡಗು, ಸುಳ್ಯ ಕಡೆಯ ಒಂದು ಬಗೆಯ ಕನ್ನಡ. ಅಜ್ಜಿ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಕೋಪ ಇಲ್ಲದಿದ್ದರೆ "ಗೂಡೆ", ಅಂದರೆ ಹುಡುಗಿ. ಪ್ರೀತಿ ಉಕ್ಕಿದರೆ ಕತ್ತೆ, ಬೆಪ್ಪು, ಮಂಗ. ಹೆಸರು ಹಿಡಿದು ಕರೆದರೆ ಏನೋ ತಪ್ಪು ಮಾಡಿದ್ದೇನೆ ಅಂತ ಅರ್ಥ. ಈಗ ನನ್ನ ಮಗನಿಗೆ ನಾನೂ ಅದನ್ನೇ ಮಾಡುತ್ತೇನೆ. "ಏ ಪೆದ್ದು, ಊಟಕ್ಕೆ ಬಾ." ಈ ‘ಪೆದ್ದು’ ಹೇಗೆ ಹೇಳಿದೆ ಅಂತ ಯಾರಾದರೂ ಇಂಗ್ಲಿಷಿನಲ್ಲಿ ಬರೆಯಬೇಕಾದರೆ ‘ಫಾಂಡ್ಲಿ’ ಅಂತ ಪಕ್ಕದಲ್ಲಿ ಸೇರಿಸಬೇಕು. ನಾವು ಏನನ್ನೂ ಸೇರಿಸಬೇಕಾಗಿಲ್ಲ. ದನಿಯಲ್ಲೇ ಇದೆ ಅದು.

ಕೊಡಗಿನವರ ಇಂಗ್ಲಿಷ್ ಪೇಪರ್ ಬರಹಗಳಲ್ಲಿ ಈ ಶಬ್ದ ಹೆಚ್ಚಾಗಿ ಓಡಾಡುವುದು ಇನ್ನೊಂದು ಕಡೆ. ‘ಫಾಂಡ್ಲಿ ಕಾಲ್ಡ್ ಆ್ಯಸ್’. ಈ ‘ಆ್ಯಸ್’ ಇಂಗ್ಲಿಷಿನದ್ದಲ್ಲ, "ಎಂದು ಕರೆಯುತ್ತಿದ್ದರು" ಅನ್ನುವ ನಮ್ಮ ‘ಎಂದು’ವೇ ವೇಷ ಹಾಕಿಕೊಂಡು ಬಂದಿದೆ. ಜನರಲ್ ತಿಮ್ಮಯ್ಯನವರು ಟಿಮ್ಮಿ. ಅವರು ಹುಟ್ಟಿದ ಸನ್ನಿಸೈಡ್ ಮನೆ ಈಗ ಮ್ಯೂಸಿಯಂ, ನಮ್ಮ ಅಂಗಡಿಯಿಂದ ನಡೆದೇ ಹೋಗಬಹುದು. ಕಾರ್ಯಪ್ಪನವರು ಕಿಪ್ಪರ್. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿ, 1949ರ ಜನವರಿ 15ಕ್ಕೆ ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದವರು. ಅಂಥವರಿಗೆ ಕಿಪ್ಪರ್ ಅಂತ ಹೆಸರು. ಇಂಗ್ಲಿಷಿನಲ್ಲಿ ಕಿಪ್ಪರ್ ಅಂದರೆ ಸೀಳಿ ಉಪ್ಪು ಹಚ್ಚಿ ಹೊಗೆಯಲ್ಲಿ ಒಣಗಿಸಿದ ಮೀನು. ಅವರು ಚಿಕ್ಕ ಅಧಿಕಾರಿಯಾಗಿದ್ದಾಗ ಬ್ರಿಟಿಷ್ ಅಧಿಕಾರಿಯೊಬ್ಬರ ಹೆಂಡತಿಗೆ ‘ಕಾರ್ಯಪ್ಪ’ ಅನ್ನೋಕೆ ನಾಲಿಗೆ ತಿರುಗಲಿಲ್ಲವಂತೆ. ಅದಕ್ಕೆ ಕಿಪ್ಪರ್ ಅಂದರಂತೆ. ಅದೇ ನಿಂತಿತು.

ಇದರಲ್ಲಿ ‘ಫಾಂಡ್ಲಿ’ ಎಷ್ಟು, ಸೋಮಾರಿತನ ಎಷ್ಟು? ನನಗೆ ಈ ಪ್ರಶ್ನೆ ಯಾವಾಗಲೂ ಇದೆ. ಮೂರು ಅಕ್ಷರದ ಹೆಸರು, ಕಷ್ಟ ಏನಿದೆ? ಆದರೆ ಕರೆಯುತ್ತಾ ಕರೆಯುತ್ತಾ ಆ ಹೆಸರಿಗೆ ಪ್ರೀತಿ ಅಂಟಿಕೊಂಡಿತು ಅನ್ನೋದೂ ಸುಳ್ಳಲ್ಲ. ಸೇನೆಯವರು ಇವತ್ತಿಗೂ ಆ ಹೆಸರು ಹೇಳುವಾಗ ಮುಖ ಅರಳುತ್ತದೆ. ಅಂತೂ ಪೇಪರಿನವರು ‘ಪ್ರೀತಿಯಿಂದ’ ಅಂತ ಬರೆದಾಗೆಲ್ಲ ಯಾರ ಪ್ರೀತಿ ಅಂತ ಒಂದು ಸಲ ಕೇಳಬೇಕು. ನಾನು ಫ್ಲೆಕ್ಸ್ ಮಾಡುವವಳು. ‘ಅಭಿಮಾನಿಗಳು ಪ್ರೀತಿಯಿಂದ ಅಣ್ಣ ಎಂದು ಕರೆಯುವ’ ಅನ್ನುವ ಸಾಲನ್ನು ಎಷ್ಟು ಸಲ ಹೊಡೆದಿದ್ದೇನೋ. ಮ್ಯಾಟರ್ ತಂದುಕೊಡುವುದು ಬಹಳ ಸಲ ಆ ಅಣ್ಣನೇ.

‘ಫಾಂಡ್ಲಿ’ ಎಲ್ಲ ಕೆಲಸಕ್ಕೂ ಬರುವುದಿಲ್ಲ ಅನ್ನೋದು ಇಷ್ಟು ವರ್ಷ ಟೈಪ್ ಮಾಡಿದ ಮೇಲೆ ಗೊತ್ತಾಗಿದೆ. ನೆನೆಯುವುದು, ಮಾತಾಡುವುದು, ನೋಡುವುದು, ಕರೆಯುವುದು, ಇಷ್ಟರ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅಡುಗೆ ಮಾಡಿದ್ದಕ್ಕೆ, ಮನೆ ರಿಪೇರಿ ಮಾಡಿದ್ದಕ್ಕೆ ಅದು ಬೇಡ. ಅಲ್ಲಿ ‘ಲವಿಂಗ್ಲಿ’ ಬರುತ್ತದೆ. ಕೈ ಹಚ್ಚಿ ಮಾಡುವ ಕೆಲಸ ‘ಲವಿಂಗ್ಲಿ’. ಸ್ವಲ್ಪ ದೂರ ನಿಂತು, ಇಲ್ಲಾ ಸ್ವಲ್ಪ ಕಾಲ ಕಳೆದ ಮೇಲೆ ಹಿಂದಿರುಗಿ ನೋಡುವುದು ‘ಫಾಂಡ್ಲಿ’. ಶ್ರದ್ಧಾಂಜಲಿಗೆ ಅದೇ ಸರಿಯಾಗಿ ಕೂರುವುದು ಅದಕ್ಕೇ ಇರಬೇಕು. ‘ಡಿಯರ್ಲಿ’ ಅಂತ ಇನ್ನೊಂದಿದೆ. ಅದು ಪ್ರೀತಿಗೂ ಆಗುತ್ತದೆ, ದಂಡ ತೆರುವುದಕ್ಕೂ ಆಗುತ್ತದೆ. ತೆಲುಗಿನವರ ‘ಪ್ರಿಯಂ’ ಹಾಗೇ, ಪ್ರೀತಿಯದ್ದೂ ಹೌದು, ದುಬಾರಿಯೂ ಹೌದು.

ಎರಡನೇ ಅರ್ಥ, ಆಗದ್ದನ್ನು ನಂಬಿಕೊಂಡು ಕೂರುವುದು, ಇವತ್ತಿಗೂ ಬದುಕಿದೆ. ‘ಫಾಂಡ್ಲಿ ಹೋಪ್ಡ್’, ‘ಫಾಂಡ್ಲಿ ಇಮ್ಯಾಜಿನ್ಡ್’. ಇದಕ್ಕೆ ನಮ್ಮಲ್ಲಿ ಉದಾಹರಣೆ ಹುಡುಕಿಕೊಂಡು ಹೋಗಬೇಕಾಗಿಲ್ಲ. ಫೆಬ್ರವರಿ, ಮಾರ್ಚ್ ಬಂದರೆ ಕಾಫಿ ತೋಟದವರೆಲ್ಲ ಹೂ ಮಳೆಗೆ ಆಕಾಶ ನೋಡುತ್ತಾ ಕೂರುತ್ತಾರೆ. ಒಂದು ಇಂಚು ಬಿದ್ದರೆ ಗೆದ್ದೆವು. ಅರ್ಧ ಬಿದ್ದು ನಿಂತರೆ ಮೊಗ್ಗು ಅರ್ಧಂಬರ್ಧ ಅರಳಿ ಹಾಳಾಗುತ್ತದೆ. ಬಿದ್ದ ಮೇಲೂ ಸಮಾಧಾನ ಇಲ್ಲ, ಎರಡು ಮೂರು ವಾರಕ್ಕೆ ಇನ್ನೊಂದು ಮಳೆ, ಬ್ಯಾಕಿಂಗ್, ಬರಬೇಕು. "ಇವತ್ತು ಬಂದೇ ಬರ್ತದೆ, ಸೆಕೆ ನೋಡು" ಅಂತ ಹೇಳುವ ದನಿ ಇದೆಯಲ್ಲ, ಅದೇ ‘ಫಾಂಡ್ಲಿ’. ಸ್ಪ್ರಿಂಕ್ಲರ್ ಇದ್ದವರಿಗೆ ಈ ಹುಚ್ಚು ಸ್ವಲ್ಪ ಕಡಿಮೆ.

"ನಿಮ್ಮಲ್ಲಿ ಮಳೆ ಎಷ್ಟಾಯ್ತು ಅಂಕಲ್?" ಅಂತ ಕೇಳಿದೆ. ಕತ್ತಲಲ್ಲಿ ಸುಮ್ನೆ ಕೂರಬಾರದಲ್ಲ ಅಂತ.

"ಬೆಳಿಗ್ಗೆಗೆ ಎರಡು ಇಂಚು ಅರವತ್ತು ಸೆಂಟ್" ಅಂದರು.

ಕೊಡಗಿನವರಲ್ಲದವರಿಗೆ ಹೇಳುತ್ತೇನೆ, ಇಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಮಾತಾಡುವವರು ಕಡಿಮೆ. ಇಂಚು, ಇಂಚಿನ ನೂರನೇ ಭಾಗ ಸೆಂಟು. ತೋಟದ ಮನೆ ಅಂದರೆ ಅಂಗಳದಲ್ಲಿ ಒಂದು ಮಳೆಮಾಪಕ, ಒಳಗೆ ಒಂದು ಡೈರಿ. ದಿನಾ ಬೆಳಿಗ್ಗೆ ಅಳೆದು ಬರೆಯುವುದು. ಫೋನ್ ಮಾಡಿದರೆ ಆರೋಗ್ಯ ಕೇಳುವ ಮೊದಲು "ಎಷ್ಟಾಯ್ತು?" ಅಂತ ಕೇಳುತ್ತಾರೆ.

"ಅವಳೇ ಬರೀತಾ ಇದ್ದದ್ದು" ಅಂದರು ಅವರು. "ನಾನು ಎದ್ದು ಬರೋದ್ರೊಳಗೆ ಅಳೆದು, ನೀರು ಚೆಲ್ಲಿ, ಬರೆದು ಇಟ್ಟಿರ್ತಿದ್ಲು."

ಅಷ್ಟು ಹೇಳಿ ಸುಮ್ಮನಾದರು. ನಾನೂ ಕೆದಕಲಿಲ್ಲ. ನನ್ನ ತಲೆಯಲ್ಲಿ ಇನ್ನೂ ಆ ಕೊನೆ ಸಾಲೇ ಓಡುತ್ತಿತ್ತು. ಕನ್ನಡದಲ್ಲಿ ಇದು ಯಾಕೆ ಬರುತ್ತಿಲ್ಲ?

ನಮ್ಮಲ್ಲಿ ಇಂಥ ಶಬ್ದ ಮಾಡುವ ದಾರಿ ಸುಲಭ. ಹೆಸರಿಗೆ ‘ಇಂದ’ ಹಚ್ಚಿದರೆ ಆಯಿತು. ಪ್ರೀತಿಯಿಂದ, ಒಲವಿನಿಂದ, ಮಮತೆಯಿಂದ. ಸ್ವಲ್ಪ ಭಯ ಸೇರಿದ ಪ್ರೀತಿಯಾದರೆ ಕಕ್ಕುಲಾತಿಯಿಂದ. ಆದರೆ ಅದೇ ‘ಇಂದ’ ಕತ್ತಿಗೂ ಹಚ್ಚುತ್ತೇವೆ, ಕತ್ತಿಯಿಂದ ಕಡಿದ. ಬಸ್ಸಿಗೂ ಹಚ್ಚುತ್ತೇವೆ, ಮೈಸೂರಿನಿಂದ ಬಂದ. ಹಾಗಾಗಿ ‘ಪ್ರೀತಿಯಿಂದ ಸ್ಮರಿಸುವ’ ಅಂದರೆ ಪ್ರೀತಿ ಅನ್ನೋ ಒಂದು ಸಾಮಾನು ಹಿಡಿದು ಯಾರೋ ಕೆಲಸ ಮಾಡುತ್ತಿದ್ದಾರೆ ಅನ್ನಿಸುತ್ತದೆ. ಬಾಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ಬಾಯಲ್ಲಿ ಬರುವುದು ಬೇರೆ. ಕಣ್ತುಂಬ ನೋಡಿದೆ. ಬಾಯ್ತುಂಬ ಅಕ್ಕಾ ಅಂತ ಕರೆದ. ಕೈಯಾರೆ ಬಡಿಸಿದಳು. ಮನಸಾರೆ ಹರಸಿದರು. ಮನಸ್ಸೊಂದು ಬಿಟ್ಟರೆ ಉಳಿದದ್ದೆಲ್ಲ ಮೈಯದ್ದೇ, ಕಣ್ಣು, ಬಾಯಿ, ಕೈ. ಪ್ರೀತಿ ಅನ್ನೋ ಮಾತೇ ಇಲ್ಲ, ಪ್ರೀತಿ ಇದೆ.

ನಮ್ಮಪ್ಪ ಸೇನೆಯಲ್ಲಿದ್ದರು. ನೀಲಿ ಇನ್‌ಲ್ಯಾಂಡ್ ಲೆಟರಿನಲ್ಲಿ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು. ‘ಚಿ. ಸೌ. ಮಗಳಿಗೆ ನಿನ್ನ ತಂದೆ ಮಾಡುವ ಆಶೀರ್ವಾದಗಳು. ಈ ಕಡೆ ಕ್ಷೇಮ. ಆ ಕಡೆ ಕ್ಷೇಮಕ್ಕೆ ಬರೆಯುವುದು.’ ಎಲ್ಲರ ಅಪ್ಪಂದಿರೂ ಬರೆಯುವ ಸಾಲುಗಳೇ. ‘ಪ್ರೀತಿ’ ಅನ್ನುವ ಶಬ್ದ ಒಂದರಲ್ಲೂ ಇಲ್ಲ. ಮಡಚುವ ಅಂಚಿನಲ್ಲಿ, ಅಂಟು ಹಚ್ಚುವ ಜಾಗ ಬಿಟ್ಟು, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು. ‘ಗದ್ದೆ ಬದಿಯ ದಾರಿಯಲ್ಲಿ ಶಾಲೆಗೆ ಹೋಗುವಾಗ ಕಾಲಿಗೆ ಸುಣ್ಣ ಹಚ್ಚಿಕೋ, ಜಿಗಣೆ ಜಾಸ್ತಿ.’ ಸಾವಿರ ಮೈಲಿ ಆಚೆ ಕೂತವರಿಗೆ ನಮ್ಮ ಗದ್ದೆ ಬದಿಯ ಜಿಗಣೆ ಚಿಂತೆ. ಆ ಕಾಗದಗಳು ಇನ್ನೂ ನನ್ನ ಹತ್ತಿರ ಇವೆ. ಇಂಗ್ಲಿಷಿನಲ್ಲಿ ‘ಯುವರ್ಸ್ ಅಫೆಕ್ಷನೇಟ್ಲಿ’ ಅಂತ ಮುಗಿಸುವುದನ್ನು ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಒಂದು ಸಲ ಅಪ್ಪನಿಗೆ ಹಾಗೇ ಬರೆದೆ. ಉತ್ತರದಲ್ಲಿ ಅವರು ಅದರ ಸ್ಪೆಲ್ಲಿಂಗ್ ತಿದ್ದಿ ಕಳಿಸಿದ್ದರು!

ಇನ್ನೂ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ನೆನೆಯುವುದು ಒಬ್ಬರು ಮಾಡುವ ಕೆಲಸ, ಕೆಲಸ ಅಂದಮೇಲೆ ಹೇಗೆ ಮಾಡಿದರು ಅಂತ ಹೇಳಬಹುದು. ಕನ್ನಡದಲ್ಲಿ ನೆನಪು ನಾವು ಮಾಡುವುದಕ್ಕಿಂತ ನಮಗೆ ಆಗುವುದೇ ಜಾಸ್ತಿ. ನನಗೆ ಅಪ್ಪನ ನೆನಪಾಯಿತು. ನೆನಪು ಬಂತು. ಹಸಿವಾಯಿತು, ಚಳಿಯಾಯಿತು ಅಂದ ಹಾಗೆ. ಅದು ಬರುವಾಗ ಬರುತ್ತದೆ. ಪ್ರೀತಿಯಿಂದ ಚಳಿಯಾಯಿತು ಅನ್ನೋಕಾಗುತ್ತಾ?

ಮುಕ್ಕಾಲು ಗಂಟೆ ಬಿಟ್ಟು ಕರೆಂಟ್ ಬಂತು. ಟ್ಯೂಬ್ ಲೈಟು ಎರಡು ಸಲ ಕಣ್ಣು ಮಿಟುಕಿಸಿ ಹೊತ್ತಿಕೊಂಡಿತು. ಸಿಸ್ಟಮ್ ಆನ್ ಆಗುವವರೆಗೆ ಅವರು ಫೋಟೋವನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಸ್ಕ್ಯಾನ್ ಮಾಡಲು ತಂದ ಹಳೇ ಪಾಸ್‌ಪೋರ್ಟ್ ಸೈಜು. ಮೂಲೆಯಲ್ಲಿ ಸ್ಟೇಪ್ಲರ್ ಪಿನ್ನಿನ ತುಕ್ಕು. "ಆ ತುಕ್ಕು ತೆಗೀಬಹುದಾ?" ಅಂತ ಕೇಳಿದರು. ತೆಗೆದೆ. ಸೀರೆ ಬಣ್ಣ ಮಾತ್ರ ಹಾಗೇ ಇರಲಿ ಅಂದರು.

"ಕೊನೆ ಸಾಲು ಹೇಳಿ ಅಂಕಲ್. ನೀವು ಹೇಗೆ ಹೇಳ್ತೀರೋ ಹಾಗೇ ಹೊಡೀತೇನೆ."

ಅವರು ಸ್ವಲ್ಪ ಹೊತ್ತು ಕೀಬೋರ್ಡನ್ನೇ ನೋಡಿದರು.

"ನಿನ್ನ ನೆನಪಾಗ್ತದೆ. ಅಷ್ಟು ಹಾಕು."

"ನಿನ್ನ ಅಂತಲಾ? ಪೇಪರಲ್ಲಿ ಎಲ್ಲ ನಿಮ್ಮ ಅಂತ ಹಾಕ್ತಾರೆ."

"ನಿಮ್ಮ ಅಂದ್ರೆ ಅವಳು ತಿರುಗಿ ನೋಡೋದಿಲ್ಲ."

ಹೊಡೆದೆ. ‘ಆಗುತ್ತದೆ’ ಅಂತ ತಿದ್ದಲು ಬೆರಳು ಹೋಯಿತು, ಅಭ್ಯಾಸಬಲ. ಬಿಟ್ಟೆ. ಪ್ರಿಂಟ್ ತೆಗೆದು ಕೊಟ್ಟಾಗ ಕಿಟಕಿ ಹತ್ತಿರ ಹೋಗಿ ಓದಿದರು. ಇಂಗ್ಲಿಷ್ ಭಾಗದಲ್ಲಿ ತೋಟದ ಹೆಸರಿನ ಸ್ಪೆಲ್ಲಿಂಗ್ ತಪ್ಪಿತ್ತು, ಅದನ್ನು ಹಿಡಿದರು. ‘ಫಾಂಡ್ಲಿ’ ಸರಿಯಾಗಿದೆಯಾ ಅಂತ ನಾನು ಮೂರು ಸಲ ನೋಡಿದ್ದೆ.

"ಈ ಫಾಂಡ್ಲಿ ಅಂದ್ರೆ ಏನಮ್ಮ, ಕರೆಕ್ಟಾಗಿ?" ಅಂತ ಕೇಳಿದರು.

ಎರಡೂ ಅರ್ಥ ಹೇಳಿದೆ. ಮೊದಲು ಪೆದ್ದು ಅಂತ ಇತ್ತು, ಆಮೇಲೆ ಪ್ರೀತಿ ಅಂತಾಯಿತು ಅಂದೆ. ಬೇಜಾರಾಗುತ್ತಾರೇನೋ ಅಂತ ಹೆದರಿಕೆ ಇತ್ತು. ಅವರು ನಕ್ಕರು. ಬಂದಾಗಿನಿಂದ ಮೊದಲ ಸಲ.

"ಹೂ ಮಳೆ ಕಡಿಮೆ ಬಿದ್ರೆ ನಾನು ಇಡೀ ದಿನ ಯಾರ ಹತ್ರನೂ ಮಾತಾಡ್ತಿರಲಿಲ್ಲ. ಅದಕ್ಕೆ ಅವಳು ಅರವತ್ತು ಸೆಂಟ್ ಬಿದ್ರೆ ಎಪ್ಪತ್ತೈದು ಅಂತ ಬರೆದಿಡೋಳು. ನನಗೆ ಗೊತ್ತಿಲ್ಲ ಅಂತ ಅಂದ್ಕೊಂಡಿದ್ಲು. ಪಕ್ಕದ ತೋಟದವನಿಗೆ ಫೋನ್ ಮಾಡಿದ್ರೆ ಗೊತ್ತಾಗೋದಿಲ್ವಾ?"

"ನೀವು ಹೇಳಲಿಲ್ವಾ?"

"ಯಾಕೆ ಹೇಳೋದು? ಎಪ್ಪತ್ತೈದು ಅಂತ ನೋಡಿ ತಿಂಡಿ ತಿಂದು ತೋಟಕ್ಕೆ ಹೋಗ್ತಿದ್ದೆ."

ದುಡ್ಡು ಕೊಟ್ಟರು. ಚಿಲ್ಲರೆ ಎಣಿಸಿಕೊಂಡರು. ಕೊಡೆ ಬಿಡಿಸಿ ಬಾಗಿಲು ದಾಟಿದವರು ಮತ್ತೆ ಒಂದು ಹೆಜ್ಜೆ ಒಳಗೆ ಬಂದರು.

"ಹದಿನೈದು ಸೆಂಟ್ ಜಾಸ್ತಿ ಬರೀತಿದ್ಲು ಅಂತ ಅದರಲ್ಲಿ ಹಾಕೋಕಾಗೋದಿಲ್ಲ ಅಲ್ವಾ?"

"ಹಾಕಬಹುದು ಅಂಕಲ್. ಆದ್ರೆ ಪೇಪರಿನವರದ್ದು ಸೆಂಟಿಮೀಟರ್ ಲೆಕ್ಕ. ಇನ್ನೆರಡು ಸಾಲು ಅಂದ್ರೆ ರೇಟು ಜಾಸ್ತಿ ಆಗ್ತದೆ."

"ಹಾಗಾದ್ರೆ ಬೇಡ" ಅಂದರು. "ಅವಳೇ ಬೈತಾಳೆ."